ಬಿಲ್ಲಿನಲ್ಲಿದೆ ಸರ್ವಿಸ್ ಚಾರ್ಜ್, ನಮ್ಮ ಕೈಗೆ ಬರುತ್ತಿಲ್ಲ

ಪ್ರಶ್ನೆ: ನನ್ನದು ಕುಂದಾಪುರದ ಕಡೆ. ದೋಹಾದ ಒಂದು ರೆಸ್ಟೋರೆಂಟಿನಲ್ಲಿ ಸಪ್ಲಾಯರ್. ಬರ್ವಾ ಅಲ್ ಬರಾಹಾದಲ್ಲಿ ಕಂಪನಿ ಕೊಟ್ಟ ರೂಮಿನಲ್ಲಿ ನಾಲ್ವರಿದ್ದೇವೆ. ಬೇಸಿಕ್ 1000 ರಿಯಾಲ್, ಊಟವೂ ಕಂಪನಿಯದೇ. ಟಿಪ್ಸ್ ಸೇರಿ 1600 ಸಿಗುತ್ತದೆ ಎಂದು ಏಜೆಂಟ್ ಹೇಳಿದ್ದ. ಈಗ ಬಿಲ್ಲಿಗೆ ಶೇ 10 ಸರ್ವಿಸ್ ಚಾರ್ಜ್ ಹಾಕುತ್ತಾರೆ. ಅದನ್ನು ನೋಡಿದ ಗಿರಾಕಿಗಳು ಟಿಪ್ಸ್ ಇಡುವುದಿಲ್ಲ, ಆ ದುಡ್ಡು ನಮಗೂ ಬರುವುದಿಲ್ಲ. ಯಾರಾದರೂ ಕೊಟ್ಟರೆ ಗಲ್ಲಾದ ಡಬ್ಬಿಗೆ ಹಾಕಬೇಕು. ಅದರಲ್ಲಿ ಮ್ಯಾನೇಜರ್ ಪಾಲು, ಪಾತ್ರೆ ತೊಳೆಯುವವರ ಪಾಲು ಹೋಗಿ ಉಳಿದದ್ದು ನಮಗೆ. ರೂಮಿನವನೊಬ್ಬ ಟಿಪ್ಸನ್ನು ಸಾಕ್ಸಿನಲ್ಲಿ ಅಡಗಿಸುತ್ತಾನೆ, ನೀನೂ ಹಾಗೇ ಮಾಡು ಅನ್ನುತ್ತಾನೆ. ಅಮ್ಮ ನನ್ನ ಸಂಬಳ 1600 ಎಂದೇ ತಿಳಿದಿದ್ದಾರೆ, ತಮ್ಮನನ್ನೂ ಕರೆಸಿಕೋ ಅನ್ನುತ್ತಾರೆ. ಏನು ಮಾಡಲಿ ಅಕ್ಕಾ?

ಉತ್ತರ: ಸಾಕ್ಸಿನ ದಾರಿ ಬೇಡ. ಗಿರಾಕಿ ನಿಮ್ಮ ಕೈಗೇ ಕೊಟ್ಟ ದುಡ್ಡು ಅದು, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಡಬ್ಬಿಗೆ ಹಾಕಬೇಕೆಂಬ ನಿಯಮವಿರುವ ಕಡೆ ಸಿಕ್ಕಿಬಿದ್ದರೆ ಅದಕ್ಕೆ ಕಳವು ಎಂದೇ ಹೆಸರು. ಪರದೇಶದಲ್ಲಿ ಕಳವಿನ ಆರೋಪ ಹೊತ್ತವನ ಪರವಾಗಿ ಮಾತಾಡುವವರು ಕಡಿಮೆ. ನ್ಯಾಯ ನಿಮ್ಮ ಕಡೆ ಇರುವಾಗ ಅದನ್ನು ಐದು ರಿಯಾಲಿನ ನೋಟಿಗಾಗಿ ಕಳೆದುಕೊಳ್ಳಬೇಡಿ.

ಮೊದಲು ನಿಮ್ಮ ಸಂಬಳ ನೋಡೋಣ. ಕತಾರ್‌ನ 2020ರ 17ನೇ ಕಾನೂನಿನಂತೆ 2021ರ ಮಾರ್ಚ್ 20ರಿಂದ ಕನಿಷ್ಠ ಬೇಸಿಕ್ ತಿಂಗಳಿಗೆ 1000 ರಿಯಾಲ್. ಕಂಪನಿ ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಅದರ ಮೇಲೆ. ಅಂದರೆ ನಿಮ್ಮ ಧಣಿ ಕೊಡುತ್ತಿರುವುದು ಕಾನೂನಿನ ಕಟ್ಟಕಡೆಯ ಮೆಟ್ಟಿಲು, ಅದಕ್ಕಿಂತ ಒಂದು ರಿಯಾಲೂ ಹೆಚ್ಚಿಲ್ಲ. ದಿನಕ್ಕೆ ಎಂಟು ಗಂಟೆ ಮೀರಿದರೆ ಓವರ್‌ಟೈಮ್‌ಗೆ ಕನಿಷ್ಠ ಶೇ 25 ಹೆಚ್ಚು ಕೊಡಬೇಕು, ರಂಜಾನಿನಲ್ಲಿ ಆ ಮಿತಿ ಆರು ಗಂಟೆ. ನಿಮ್ಮ ಪತ್ರದಲ್ಲಿ ಓವರ್‌ಟೈಮ್ ಮಾತೇ ಇಲ್ಲ. ಟಿಪ್ಸಿಗಿಂತ ದೊಡ್ಡ ಬಾಕಿ ಅಲ್ಲೇ ಇರಬಹುದು. ಇಂದಿನಿಂದಲೇ ಕೆಲಸಕ್ಕೆ ಹೋದ, ಬಿಟ್ಟ ಸಮಯವನ್ನು ಬರೆದಿಡಿ.

ಇನ್ನು ಸರ್ವಿಸ್ ಚಾರ್ಜ್. ನಿಮ್ಮ ಒಪ್ಪಂದದ ಒಂದು ಪ್ರತಿ ನಿಮ್ಮ ಬಳಿ ಇರಲೇಬೇಕು. ಅದರಲ್ಲಿ ಸರ್ವಿಸ್ ಚಾರ್ಜಿನ ಪಾಲಿನ ಮಾತಿದ್ದರೆ ಅದು ನಿಮ್ಮ ಹಕ್ಕು. ಇಲ್ಲದಿದ್ದರೆ ಹಕ್ಕಾಗಿ ಕೇಳುವುದು ಕಷ್ಟ, ಆದರೆ ಒಟ್ಟಾಗಿ ಕೇಳಬಹುದು. ಸೇವೆಯ ಹೆಸರಿನಲ್ಲಿ ವಸೂಲಿ ಮಾಡಿ, ಸೇವೆ ಮಾಡಿದವರಿಗೆ ಕೊಡದಿರುವುದು ಗಿರಾಕಿಗೂ ನಿಮಗೂ ಒಟ್ಟಿಗೇ ಮಾಡುವ ವಂಚನೆ ಎಂದೇ ನಾನು ನಂಬಿದ್ದೇನೆ. ನಮ್ಮ ದೇಶದಲ್ಲೂ ಈ ಜಗಳ ಕೋರ್ಟಿಗೆ ಹೋಯಿತು. ಬಿಲ್ಲಿಗೆ ತಾನಾಗಿ ಸರ್ವಿಸ್ ಚಾರ್ಜ್ ಸೇರಿಸಬಾರದು ಎಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. ಹೋಟೆಲ್ ಸಂಘಗಳು ವಿರೋಧಿಸಿದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಆ ತೀರ್ಪು ದೋಹಾದಲ್ಲಿ ನಡೆಯುವುದಿಲ್ಲ ನಿಜ. ಆದರೆ ಊರಿನಲ್ಲಿ ಬಿಲ್ಲಿನ ತಟ್ಟೆಯ ಸೋಂಪಿನ ಪಕ್ಕ ಹತ್ತು ರೂಪಾಯಿ ಇಟ್ಟು ಏಳುವ ಗಿರಾಕಿ ಅದನ್ನು ಮಾಣಿಗೆಂದೇ ಇಡುತ್ತಾನೆ, ಧಣಿಗಲ್ಲ. ಅವನ ಆ ಮನಸ್ಸನ್ನು ಎಲ್ಲಿಯೂ ಕೆಡಿಸಬಾರದು. ದೋಹಾದಲ್ಲಿ ಈ ಅಂಕಣ ಓದುವ ಕನ್ನಡ ಕುಟುಂಬಗಳೇ, ಬಿಲ್ಲಿನ ಹಣ ಕೊಡುವ ಮುಂಚೆ 'ಈ ಸರ್ವಿಸ್ ಚಾರ್ಜ್ ನಿಮಗೆ ಸಿಗುತ್ತದೆಯೇ' ಎಂದು ಸಪ್ಲಾಯರನ್ನು ಮೆಲ್ಲಗೆ ಕೇಳಿ.

ಡಬ್ಬಿಯ ವಿಷಯದಲ್ಲಿ ಒಂದು ಕಡೆ ನಿಮ್ಮ ಮಾತು ಒಪ್ಪಲಾರೆ. ಪಾತ್ರೆ ತೊಳೆಯುವವರಿಗೆ ಪಾಲು ಬೇಕು. ಅವರ ಮುಖವನ್ನು ಯಾವ ಗಿರಾಕಿಯೂ ನೋಡುವುದಿಲ್ಲ, ನಿಮ್ಮ ಕೈಯ ತಟ್ಟೆ ಹೊಳೆಯುವುದು ಮಾತ್ರ ಅವರಿಂದ. ತೆಗೆಯಬೇಕಾದದ್ದು ಹೆಚ್ಚು ಸಂಬಳ ಪಡೆಯುವ ಮ್ಯಾನೇಜರ್ ಪಾಲನ್ನು. ನಾಲ್ಕೈದು ಜನ ಸೇರಿ, ಕೆಲಸ ನಿಲ್ಲಿಸದೆ, ದನಿ ಏರಿಸದೆ ಕೇಳಿ: ಡಬ್ಬಿ ದಿನವೂ ರಾತ್ರಿ ತೆರೆಯಲಿ, ಎಣಿಸುವಾಗ ಸಪ್ಲಾಯರ್ ಒಬ್ಬ, ಅಡುಗೆಮನೆಯವನೊಬ್ಬ ಇರಲಿ, ಮೊತ್ತ ಪುಸ್ತಕದಲ್ಲಿ ಏರಲಿ. ಕಂಪನಿಯಲ್ಲಿ 30 ಅಥವಾ ಹೆಚ್ಚು ಕೆಲಸಗಾರರಿದ್ದರೆ ಕಾರ್ಮಿಕ ಪ್ರತಿನಿಧಿಗಳಿರುವ ಜಂಟಿ ಸಮಿತಿಗೆ ಅಲ್ಲಿನ ಕಾನೂನಿನಲ್ಲೇ ಅವಕಾಶವಿದೆ. ಸಂಬಳ, ಓವರ್‌ಟೈಮ್ ತಪ್ಪಿದರೆ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಿ. ಅಲ್ಲಿ ಬಗೆಹರಿಯದ್ದು ವಿವಾದ ಇತ್ಯರ್ಥ ಸಮಿತಿಗೆ ಹೋಗುತ್ತದೆ. ಭಾಷೆ, ಕಾಗದಪತ್ರದ ತೊಡಕಿಗೆ ಭಾರತೀಯ ರಾಯಭಾರ ಕಚೇರಿಯ ಅಡಿಯ ಐಸಿಬಿಎಫ್ ಎಂಬ ನೆರವಿನ ಸಂಘಟನೆ ಇದೆ.

ಯಾವುದೂ ಫಲಿಸದಿದ್ದರೆ ಬೇರೆ ಕೆಲಸ ನೋಡಿ. 2020ರ ಬದಲಾವಣೆಯ ನಂತರ ಅದಕ್ಕೆ ಧಣಿಯ ಎನ್‌ಒಸಿ ಬೇಕಿಲ್ಲ. ಕೆಲಸಕ್ಕೆ ಸೇರಿ ಎರಡು ವರ್ಷದೊಳಗಿದ್ದರೆ ಒಂದು ತಿಂಗಳ, ಮೀರಿದ್ದರೆ ಎರಡು ತಿಂಗಳ ನೋಟಿಸ್ ಸಾಕು. ಹೊಸ ಕಡೆ ಟಿಪ್ಸ್ ಎಷ್ಟೆಂದು ಕೇಳುವ ಮೊದಲು ಬೇಸಿಕ್ ಎಷ್ಟೆಂದು ಕೇಳಿ. ವರ್ಷಕ್ಕೆ ಕನಿಷ್ಠ ಮೂರು ವಾರದ ಲೆಕ್ಕದಲ್ಲಿ ಕೊನೆಗೆ ಸಿಗುವ ಗ್ರಾಚುಯಿಟಿ ಬೇಸಿಕ್ ಮೇಲೆ ನಿಲ್ಲುತ್ತದೆ. ಹತ್ತು ವರ್ಷ ಟಿಪ್ಸ್ ನಂಬಿ ದುಡಿದರೂ ಅದಕ್ಕೆ ಒಂದು ರಿಯಾಲ್ ಸೇರುವುದಿಲ್ಲ.

ಅಮ್ಮನಿಗೆ ಈ ಶುಕ್ರವಾರವೇ ಫೋನಿನಲ್ಲಿ ನಿಜ ಹೇಳಿ. 1000 ಎಂದರೆ ಅವರು ನೊಂದುಕೊಳ್ಳಬಹುದು, ನಿಜ ಮುಚ್ಚಿಟ್ಟಿದ್ದಿರೆಂದು ಆಮೇಲೆ ತಿಳಿದರೆ ಇನ್ನೂ ಹೆಚ್ಚು ನೋಯುತ್ತಾರೆ. ಮನೆಗೆ ಕಳಿಸುವ ಮೊತ್ತವನ್ನು ಬೇಸಿಕ್‌ನಿಂದಲೇ ಗೊತ್ತುಮಾಡಿ. ಮಕ್ಕಳ ಬೇಸಿಗೆ ರಜೆಗೆ ಕುಟುಂಬಗಳು ಊರಿಗೆ ಹೊರಟಾಗ ಮೇಜುಗಳು ಖಾಲಿಯಾಗುತ್ತವೆ, ಟಿಪ್ಸೂ ಇಳಿಯುತ್ತದೆ.

ತಮ್ಮನನ್ನು ಈಗಲೇ ಕರೆಸಬೇಡಿ. ಅವನಿಗೆ ಬರಲೇಬೇಕೆನಿಸಿದರೆ, ಸರ್ಕಾರದಲ್ಲಿ ನೋಂದಾಯಿತ ಏಜೆಂಟ್ ಮೂಲಕವೇ ಬರಲಿ. ಏಜೆಂಟ್ ಪಡೆಯಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ, ರಸೀದಿಯೊಂದಿಗೆ. ಬೇಸಿಕ್ ಎಷ್ಟು, ಸರ್ವಿಸ್ ಚಾರ್ಜಿನಲ್ಲಿ ಪಾಲಿದೆಯೇ, ಎರಡನ್ನೂ ಆಫರ್ ಲೆಟರಿನಲ್ಲಿ ಬರೆಸಿಕೊಳ್ಳಲಿ. 'ಟಿಪ್ಸ್ ಸೇರಿ ಇಷ್ಟು' ಎಂದು ಬಾಯಿಮಾತಿನಲ್ಲೇ ಮುಗಿಸುವವನಿಗೆ ಪಾಸ್‌ಪೋರ್ಟ್ ಕೊಡದಿರಲಿ.