ಅರ್ಧ ಗಂಟೆಯಲ್ಲಿ ಕಂಪ್ಯೂಟರ್ ಪಾಠ: ಸಂಘದ ಲೆಕ್ಕಕ್ಕೆ ನಾವೇ ಬರೆಯೋಣ ಪ್ರೋಗ್ರಾಂ



“ಕಂಪ್ಯೂಟರ್ ಪ್ರೋಗ್ರಾಂ ನಮಗ್ಯಾಕೆ? ಅದು ಇಂಜಿನಿಯರ್ ಓದಿದವರಿಗೆ” ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ನಾವೂ ಹಾಗೆಯೇ ತಿಳಿದಿದ್ದೆವು. ಒಂದು ಲೆಕ್ಕ ತಪ್ಪಿದ ಮೇಲೆ ನಮ್ಮ ಕಣ್ಣು ತೆರೆಯಿತು.

ನಮ್ಮಲ್ಲಿ ಒಬ್ಬ ಸದಸ್ಯೆ 10,000 ರೂಪಾಯಿ ಸಾಲ ಪಡೆದಿದ್ದರು. ತಿಂಗಳಿಗೆ 1,000ದಂತೆ 10 ಕಂತು, ಬಡ್ಡಿ ತಿಂಗಳಿಗೆ ನೂರಕ್ಕೆ 2. ಉಳಿದ ಬಾಕಿಗೆ ಮಾತ್ರ ಬಡ್ಡಿ ಎಂದು ನಿರ್ಣಯ ಪುಸ್ತಕದಲ್ಲಿ ಬರೆದಿತ್ತು. ಆದರೆ ಪುಸ್ತಕ ಬರೆಯುವಾಗ ನಾವು ಪ್ರತಿ ತಿಂಗಳೂ 200 ರೂಪಾಯಿ ಹಾಕಿಬಿಟ್ಟೆವು. ಒಟ್ಟು 2,000 ಆಯಿತು. ಸರಿಯಾದ ಬಡ್ಡಿ ಮೊದಲ ತಿಂಗಳು 200, ಮರು ತಿಂಗಳು 180, ಹೀಗೆ ಇಳಿದು ಕೊನೆಗೆ 20. ಒಟ್ಟು 1,100 ಮಾತ್ರ. ಆ ತಾಯಿ 900 ರೂಪಾಯಿ ಹೆಚ್ಚು ಕಟ್ಟಿದ್ದರು. ಯಾರೂ ಬೇಕೆಂದು ಮಾಡಿದ್ದಲ್ಲ. ಹಣ ಹಿಂದಿರುಗಿಸಿದೆವು. ಆದರೆ ಲೆಕ್ಕ ಗೊತ್ತಿದ್ದವರು ಒಬ್ಬರೇ, ಉಳಿದವರು ಸಹಿ ಹಾಕುವವರು ಎಂಬ ಸ್ಥಿತಿ ಸರಿಯಲ್ಲ ಎಂದು ಮನವರಿಕೆಯಾಯಿತು.

ಪ್ರೋಗ್ರಾಂ ಎಂದರೇನು?

ಮನೆಯಲ್ಲಿ ಹೊಸದಾಗಿ ಅಡುಗೆ ಕಲಿಯುವ ಮಗಳಿಗೆ “ಮೊದಲು ಬೇಳೆ ಬೇಯಿಸು, ಬೆಂದ ಮೇಲೆ ತರಕಾರಿ ಹಾಕು” ಎಂದು ಹೇಳುತ್ತೇವಲ್ಲ, ಅದೇ ಪ್ರೋಗ್ರಾಂ. ವ್ಯತ್ಯಾಸ ಇಷ್ಟೇ: ಮಗಳು ನಾವು ಹೇಳದ್ದನ್ನೂ ಊಹಿಸುತ್ತಾಳೆ, ಕಂಪ್ಯೂಟರ್ ಊಹಿಸುವುದಿಲ್ಲ. ಹೇಳಿದಷ್ಟೇ ಮಾಡುತ್ತದೆ.

ಮೇಲಿನ ಸಾಲದ ಲೆಕ್ಕವನ್ನು ಕಂಪ್ಯೂಟರಿಗೆ ಹೀಗೆ ಹೇಳಬಹುದು:

1. ಬಾಕಿ 10,000 ಎಂದು ಇಟ್ಟುಕೋ. ಒಟ್ಟು ಬಡ್ಡಿ ಸೊನ್ನೆ.
2. ಬಾಕಿ ಇರುವ ತನಕ ಮುಂದಿನ ಎರಡು ಕೆಲಸ ಮಾಡುತ್ತಿರು:
3. ಬಾಕಿಯ ನೂರಕ್ಕೆ 2ನ್ನು ಒಟ್ಟು ಬಡ್ಡಿಗೆ ಸೇರಿಸು.
4. ಬಾಕಿಯಿಂದ 1,000 ಕಳೆ.
5. ಬಾಕಿ ಮುಗಿದ ಮೇಲೆ ಒಟ್ಟು ಬಡ್ಡಿ ತೋರಿಸು.

ಉತ್ತರ 1,100. ಈಗ 3 ಮತ್ತು 4ನ್ನು ಅದಲುಬದಲು ಮಾಡಿ ನೋಡಿ. 900 ಬರುತ್ತದೆ, ಸಂಘಕ್ಕೆ 200 ನಷ್ಟ! ನಾಲ್ಕನೆಯದನ್ನು ಬರೆಯಲು ಮರೆತರೆ ಬಾಕಿ ಇಳಿಯುವುದೇ ಇಲ್ಲ, ಕಂಪ್ಯೂಟರ್ ನಿಲ್ಲದೆ ಸುತ್ತುತ್ತಲೇ ಇರುತ್ತದೆ. ಕ್ರಮ ಎಷ್ಟು ಮುಖ್ಯ ನೋಡಿ. ಆದ್ದರಿಂದ ಕಂಪ್ಯೂಟರ್ ಹೇಳಿತು ಎಂದು ನಂಬಿಬಿಡಬೇಡಿ. ಒಂದು ಸಣ್ಣ ಸಾಲವನ್ನು ಕೈಲೆಕ್ಕದಿಂದ ತಾಳೆ ನೋಡಿ.

ಇದನ್ನು ಪೈಥಾನ್ ಎಂಬ ಭಾಷೆಯಲ್ಲಿ ಆರೇಳು ಸಾಲುಗಳಲ್ಲಿ ಬರೆಯಬಹುದು. ನೆದರ್‌ಲ್ಯಾಂಡ್ಸ್‌ನ ಗೀಡೊ ವಾನ್ ರಾಸಮ್ 1991ರಲ್ಲಿ ಇದನ್ನು ಹೊರತಂದರು. ಇದು ಉಚಿತ. ಇದರಲ್ಲಿರುವ ಇಂಗ್ಲಿಷ್ ಶಬ್ದಗಳು ಕೆಲವೇ. ‘ಇಫ್’, ‘ವೈಲ್’, ‘ಪ್ರಿಂಟ್’ ಇಂಥವು. ಅಕ್ಷರ ಗುರುತಿಸಲು ಬಂದರೆ ಆರಂಭಿಸಬಹುದು.

ಸಮಯ ಎಲ್ಲಿದೆ?

ಇದು ನಿಜವಾದ ಪ್ರಶ್ನೆ. ಬೆಳಿಗ್ಗೆ ನೀರು, ತಿಂಡಿ, ಮಕ್ಕಳ ಶಾಲೆ, ಆಮೇಲೆ ಕೂಲಿ ಅಥವಾ ಬೀಡಿ, ರಾತ್ರಿ ಮತ್ತೆ ಅಡುಗೆ. ಆದರೂ ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ವಾರಕ್ಕೆ 2 ಗಂಟೆ, 50 ವಾರಕ್ಕೆ 100 ಗಂಟೆ. ವಾರಕ್ಕೆ ಹತ್ತು ಹತ್ತು ರೂಪಾಯಿ ಉಳಿಸಿ ಸಂಘ ಕಟ್ಟಿದವರು ನಾವು. ಇದೂ ಒಂದು ಉಳಿತಾಯವೇ.

ನಮ್ಮ ಅನುಭವದ ಕೆಲವು ಸಲಹೆಗಳು:

• ಒಂದೇ ಭಾಷೆ ಹಿಡಿಯಿರಿ. ಇವತ್ತು ಇದು, ನಾಳೆ ಅದು ಬೇಡ.
• ಒಂದು ದಿನಕ್ಕೆ ಒಂದೇ ಸಣ್ಣ ಕೆಲಸ. ಇಂದು ಕೂಡಿಸುವುದು, ನಾಳೆ ಬಡ್ಡಿ.
• ಮೊದಲು ನೋಟ್ ಪುಸ್ತಕದಲ್ಲಿ ಕನ್ನಡದಲ್ಲೇ ಬರೆಯಿರಿ. ಕರೆಂಟ್ ಇಲ್ಲದಿದ್ದರೂ ಇದು ಸಾಧ್ಯ.
• ವಿಡಿಯೋ ನೋಡಿದರೆ ಸಾಲದು. ನಿಲ್ಲಿಸಿ, ಸ್ವತಃ ಟೈಪ್ ಮಾಡಿ.
• ಎಲ್ಲಿ ನಿಲ್ಲಿಸಿದಿರಿ, ಮುಂದೆ ಏನು ಎಂದು ಒಂದು ಸಾಲು ಬರೆದಿಟ್ಟು ಏಳಿ. ಮರುದಿನ ಹುಡುಕಾಟ ತಪ್ಪುತ್ತದೆ.
• ತಪ್ಪು ತೋರಿಸಿದರೆ ಗಾಬರಿ ಬೇಡ. ಎಷ್ಟನೆಯ ಸಾಲು ಎಂದು ಅದೇ ಹೇಳುತ್ತದೆ. ಆ ಸಾಲು, ಅದರ ಹಿಂದಿನ ಸಾಲು ಎರಡನ್ನೂ ನೋಡಿ.
• ಇಬ್ಬರು ಸೇರಿ ಕಲಿಯಿರಿ. ಒಬ್ಬರು ಬಿಟ್ಟರೆ ಇನ್ನೊಬ್ಬರು ಎಳೆದು ತರುತ್ತಾರೆ.

ಬೀಡಿ ಕಟ್ಟುವ ಕೈ ಮೊದಲ ದಿನವೇ ಸಾವಿರ ಕಟ್ಟಲಿಲ್ಲ ತಾನೇ?

ಎಲ್ಲಿ ಕಲಿಯುವುದು?

ಮನೆಯಲ್ಲಿ ಸ್ಮಾರ್ಟ್ ಫೋನ್ ಇದ್ದರೆ ಅದರಲ್ಲೇ ಪೈಥಾನ್ ಬರೆಯುವ ಉಚಿತ ಆ್ಯಪ್‌ಗಳಿವೆ. ಐ.ಐ.ಟಿ. ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಸಣ್ಣ ಸಣ್ಣ ಪಾಠಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆಯೇ ಎಂದು ವಿಚಾರಿಸಿ. ಕೇಳಲು ನಾಚಿಕೆ ಬೇಡ.

1843ರಲ್ಲಿ, ಇನ್ನೂ ತಯಾರಾಗದ ಒಂದು ಲೆಕ್ಕದ ಯಂತ್ರಕ್ಕೆ ಕ್ರಮವಾಗಿ ಸೂಚನೆ ಬರೆದು ಪ್ರಕಟಿಸಿದವರು ಇಂಗ್ಲೆಂಡಿನ ಏಡಾ ಲವ್‌ಲೇಸ್, ಮೂರು ಮಕ್ಕಳ ತಾಯಿ. ಅವರ ಮನೆಯಲ್ಲಿ ಆಳುಕಾಳುಗಳಿದ್ದರು, ನಮಗಿಲ್ಲ. ಅದಕ್ಕೇ ಆ ಅರ್ಧ ಗಂಟೆಯನ್ನು ಮನೆಯವರ ಹತ್ತಿರ ಕೇಳಿಯೇ ಪಡೆಯಬೇಕು.

ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಸಂಘದ ಬಡ್ಡಿ ಲೆಕ್ಕ ಎಷ್ಟು ಮಂದಿಗೆ ಗೊತ್ತು?
2. 6,000 ರೂಪಾಯಿ ಸಾಲ, 6 ಕಂತು, ನೂರಕ್ಕೆ 2 ಬಡ್ಡಿ. ಮೇಲಿನ ಐದು ಸಾಲುಗಳಲ್ಲಿ ಯಾವುದನ್ನು ಬದಲಿಸಬೇಕು? ಒಟ್ಟು ಬಡ್ಡಿ ಎಷ್ಟು? (ಉತ್ತರ: ಮೊದಲ ಸಾಲು ಮಾತ್ರ, 420 ರೂಪಾಯಿ.)
3. ಈ ವಾರ ನಮ್ಮ ಅರ್ಧ ಗಂಟೆ ಯಾವುದು? ಪ್ರತಿಯೊಬ್ಬರೂ ಹೇಳಲಿ.