ಗುದ್ದಲಿಯ ಜೊತೆಗೊಂದು ಕಡತ

ಅರ್ಕಾವತಿಯನ್ನು ನದಿ ಎನ್ನುವುದಕ್ಕಿಂತ ಕೆರೆಗಳ ಸರಪಳಿ ಎಂದರೆ ಹೆಚ್ಚು ಸರಿ. ನಂದಿಬೆಟ್ಟದಿಂದ ಹೊರಟು ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ಹಾದು ಸಂಗಮದಲ್ಲಿ ಕಾವೇರಿ ಸೇರುವ ಈ ಹೊಳೆಯ ಮೇಲ್ಭಾಗದಲ್ಲಿ, ಮೇಲಿನ ಕೆರೆ ಕೋಡಿ ಹರಿದರಷ್ಟೇ ಕೆಳಗಿನದಕ್ಕೆ ನೀರು. ನಡುವಿನ ಒಂದು ರಾಜಕಾಲುವೆ ಮುಚ್ಚಿಹೋದರೆ ಎಷ್ಟು ಭಾನುವಾರ ಪ್ಲಾಸ್ಟಿಕ್ ಹೆಕ್ಕಿದರೂ ಹೊಳೆ ಹರಿಯದು. ಆದ್ದರಿಂದ ಹೊಳೆ ಉಳಿಸಲು ಹೊರಟ ಸ್ವಯಂಸೇವಕರು ಮೊದಲು ಹೋಗಬೇಕಾದ ಜಾಗ ತಾಲ್ಲೂಕು ಕಚೇರಿಯ ಸರ್ವೆ ಶಾಖೆ.

ಅಲ್ಲಿ ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ) ನಕಲು ಕೇಳಿ ಪಡೆಯಿರಿ. ಈಗ ತೋಟವೋ ಲೇಔಟೋ ಆಗಿರುವ ಕಡೆ ನಕ್ಷೆಯಲ್ಲಿ ಹಳ್ಳದ ಗೆರೆ ಇರಬಹುದು, ದಾಖಲೆಯಲ್ಲಿ ಅದು 'ಬಿ ಖರಾಬು' ಎಂದು ಬಿದ್ದಿರಬಹುದು. ಬಿ ಖರಾಬು ಎಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ. ಬೇರೆಯವರ ಹಕ್ಕು ಸಾಬೀತಾಗದ ಹೊರತು ಹೊಳೆ, ಹಳ್ಳ, ಕೆರೆಗಳ ಪಾತ್ರ ಸರ್ಕಾರದ ಆಸ್ತಿ ಎನ್ನುತ್ತದೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಕಲಂ 67. ಸರ್ಕಾರಿ ಜಮೀನಿನ ಒತ್ತುವರಿ ಕಲಂ 192-ಎ ಅಡಿ ಅಪರಾಧ. ನಕ್ಷೆ ಲಗತ್ತಿಸಿ, ಅಳತೆ ಮಾಡಿಸಿ ತೆರವುಗೊಳಿಸಿ ಎಂದು ತಹಶೀಲ್ದಾರರಿಗೆ ಅರ್ಜಿ ಕೊಡಿ. ಹುಮ್ಮಸ್ಸಿನಲ್ಲಿ ನೀವೇ ಜೆಸಿಬಿ ತಂದರೆ ಅತಿಕ್ರಮ ಪ್ರವೇಶದ ಕೇಸು ನಿಮ್ಮ ಮೇಲೇ ಬೀಳುತ್ತದೆ! ಹೂಳೆತ್ತುವುದಕ್ಕೂ ಅನುಮತಿ ಬೇಕು. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಸಾಮಾನ್ಯವಾಗಿ ಪಂಚಾಯತಿ ವ್ಯವಸ್ಥೆಯ ಸುಪರ್ದಿಯಲ್ಲಿ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯ ಕೈಯಲ್ಲಿರುತ್ತವೆ.

ಕೊಳಕು ನೀರಿನ ವಿಷಯಕ್ಕೆ ಬಂದರೆ ಕಾನೂನು ಇನ್ನಷ್ಟು ಸೂಕ್ಷ್ಮ. ನೊರೆಗಟ್ಟಿದ ನೀರನ್ನು ಬಾಟಲಿಯಲ್ಲಿ ತುಂಬಿ ಖಾಸಗಿ ಲ್ಯಾಬಿಗೆ ಕೊಟ್ಟು, ವರದಿ ಹಿಡಿದು ಗೆದ್ದೆವು ಎಂದುಕೊಳ್ಳುವವರನ್ನು ಕಂಡಿದ್ದೇನೆ. ದೂರಿಗೆ ಬಲ ಕೊಡಲು ಆ ವರದಿ ಸಾಕು, ಶಿಕ್ಷೆ ಕೊಡಿಸಲು ಸಾಲದು. ಜಲ ಮಾಲಿನ್ಯ ಕಾಯ್ದೆ, 1974ರ ಕಲಂ 21ರಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ನೋಟಿಸ್ ಕೊಟ್ಟು, ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ ಕಳುಹಿಸಬೇಕು. ಹಾಗಾಗಿ ನಿಮ್ಮ ದೂರಿನಲ್ಲಿ 'ಕಲಂ 21ರಂತೆ ಮಾದರಿ ಸಂಗ್ರಹಿಸಿ' ಎಂಬ ಮಾತು ಇರಲಿ. ನೊರೆ ಕಂಡ ದಿನ, ಹೊತ್ತು, ಕಾಲುವೆಯ ಸರ್ವೆ ನಂಬರು, ಫೋಟೊ ಜೊತೆಗಿರಲಿ.

ಬಹಳ ಮಂದಿಗೆ ಗೊತ್ತಿಲ್ಲದ ಹಕ್ಕೊಂದು ಇದೇ ಕಾಯ್ದೆಯ ಕಲಂ 25ರಲ್ಲಿ ಅಡಗಿದೆ. ಕಾರ್ಖಾನೆಗೆ ತ್ಯಾಜ್ಯ ನೀರು ಬಿಡಲು ಯಾವ ಷರತ್ತಿನ ಮೇಲೆ ಒಪ್ಪಿಗೆ ಕೊಡಲಾಗಿದೆ ಎಂಬ ವಿವರ ಮಂಡಳಿಯ ರಿಜಿಸ್ಟರಿನಲ್ಲಿರಬೇಕು. ಬಾಧಿತರು ಅದನ್ನು ಕಚೇರಿ ವೇಳೆಯಲ್ಲಿ ನೋಡಬಹುದು. ತೋರಿಸಲು ಸತಾಯಿಸಿದರೆ ಮಾಹಿತಿ ಹಕ್ಕು ಕಾಯ್ದೆ ಇದೆ: 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಪ್ರತಿ ಕೇಳುವುದಷ್ಟೇ ಅಲ್ಲ, ಕಡತ ಪರಿಶೀಲನೆಗೂ ಅವಕಾಶ ಕೇಳಿ. ತಿಪ್ಪಗೊಂಡನಹಳ್ಳಿ ಜಲಾನಯನ ಕಾಪಾಡಲು 2003ರ ನವೆಂಬರ್ 18ರಂದು ಹೊರಟ ಆದೇಶ ಮತ್ತು ಅದಕ್ಕೆ ಆದ ತಿದ್ದುಪಡಿಗಳನ್ನೂ ಹೀಗೆಯೇ ಪಡೆಯಬಹುದು.

ಪುರಸಭೆಯ ಚರಂಡಿಯೇ ಹೊಳೆಗೆ ಬೀಳುತ್ತಿದ್ದರೆ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152 (ಹಿಂದಿನ ಸಿಆರ್‌ಪಿಸಿ 133) ಅಡಿ ಸಾರ್ವಜನಿಕ ಉಪದ್ರವ ನಿವಾರಿಸಲು ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿ. 'ದುಡ್ಡಿಲ್ಲ' ಎಂಬ ಉತ್ತರ ಬಂದೇ ಬರುತ್ತದೆ. ಮಧ್ಯಪ್ರದೇಶದ ರತ್ಲಾಂ ಪುರಸಭೆಯೂ ಹಾಗೇ ಅಂದಿತ್ತು, 1980ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇನ್ನು ಮರಳುಗಳ್ಳತನಕ್ಕೆ ಗಣಿ ಇಲಾಖೆಯನ್ನೇ ಕಾಯಬೇಕಿಲ್ಲ, ಕಳವಿನ ಪ್ರಕರಣ ದಾಖಲಿಸಲು ಪೊಲೀಸರಿಗೂ ಅಧಿಕಾರವಿದೆ ಎಂದು 2014ರಲ್ಲಿ ಅದೇ ಕೋರ್ಟ್ ಹೇಳಿದೆ.

ಇವೆಲ್ಲ ಓಡಾಟದ ನಡುವೆ ಕೈತಪ್ಪುವುದು ದಿನಾಂಕ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅದರ ಕಾಯ್ದೆಯ ಕಲಂ 14ರ ಅರ್ಜಿಯನ್ನು ವಿವಾದದ ಕಾರಣ 'ಮೊದಲು' ಹುಟ್ಟಿದ ದಿನದಿಂದ 6 ತಿಂಗಳೊಳಗೆ ಹಾಕಬೇಕು. ತಕ್ಕ ಕಾರಣವಿದ್ದರೆ ಇನ್ನು 60 ದಿನ, ಅಷ್ಟೇ. ಮಾಲಿನ್ಯ ನಿಯಂತ್ರಣ ಮಂಡಳಿಗೆ ನೆನಪೋಲೆ ಬರೆಯುತ್ತ ವರ್ಷ ಕಳೆದವರಿಗೆ ನ್ಯಾಯಮಂಡಳಿಯಲ್ಲಿ ಎದುರಾಗುವ ಮೊದಲ ಆಕ್ಷೇಪಣೆಯೇ ಕಾಲಮಿತಿಯದು. ಪರಿಹಾರ, ಪರಿಸರ ಪುನಃಸ್ಥಾಪನೆ ಕೋರುವ ಕಲಂ 15ಕ್ಕೆ 5 ವರ್ಷವಿದೆ. ಕರ್ನಾಟಕದ ಪ್ರಕರಣಗಳು ಚೆನ್ನೈ ಪೀಠಕ್ಕೆ ಹೋಗುತ್ತವೆ. ಹಣದ ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ವಕೀಲರಿಲ್ಲದೆ ಅರ್ಜಿದಾರರೇ ವಾದಿಸಬಹುದು. ವಕೀಲರು ಬೇಕೆಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ಹೋಗುವಾಗ ಕೊಟ್ಟ ಪ್ರತಿಯೊಂದು ಅರ್ಜಿಯ ಸ್ವೀಕೃತಿ, ಅಂಚೆಯ ರಸೀದಿಗಳನ್ನು ದಿನಾಂಕವಾರು ಜೋಡಿಸಿಕೊಂಡು ಹೋಗಿ.