‘ಬ್ಯಾಕ್ಟೀರಿಯಾ ಬೆಳೆದಿಲ್ಲ’ ಎಂಬ ನೀರಿನ ವರದಿ

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಮರುದಿನವೇ ನೀರನ್ನು ಪರೀಕ್ಷೆಗೆ ಕೊಟ್ಟು, ವರದಿಯಲ್ಲಿ ‘ಬ್ಯಾಕ್ಟೀರಿಯಾ ಬೆಳೆದಿಲ್ಲ’ ಎಂದು ಬಂದರೆ ಹಲವು ಮನೆಗಳಲ್ಲಿ ನೀರು ಕುದಿಸುವುದು ನಿಂತುಹೋಗುತ್ತದೆ. ಮಗುವಿನ ಭೇದಿ ನಿಲ್ಲದಿದ್ದಾಗಲೂ ಅದೇ ಕಾಗದವನ್ನು ನಮ್ಮ ಮುಂದೆ ಹಿಡಿಯುತ್ತಾರೆ. ಆದರೆ ಬೆಳೆದಿಲ್ಲ ಎಂದರೆ ಸತ್ತಿದೆ ಎಂದೇ ಅರ್ಥವಲ್ಲ.

ಕ್ಲೋರಿನ್, ಬಿಸಿಲು, ಆಹಾರದ ಕೊರತೆ ಇವುಗಳಿಂದ ಕೆಲವು ಬ್ಯಾಕ್ಟೀರಿಯಾಗಳು ಸಾಯದೆ ಗಾಯಗೊಂಡು ಉಳಿಯುತ್ತವೆ. ಮಲದ ಸೋಂಕಿನ ಗುರುತಾದ ಇ. ಕೋಲಿಯನ್ನು ಹುಡುಕಲು ಪ್ರಯೋಗಾಲಯದವರು ಬಳಸುವ ಹಲವು ಮಾಧ್ಯಮಗಳಲ್ಲಿ ಪಿತ್ತದ ಲವಣ ಇರುತ್ತದೆ, ಬೇರೆ ಜೀವಿಗಳನ್ನು ತಡೆಯಲಿಕ್ಕೆ. ಕರುಳಿನಲ್ಲೇ ಬಾಳುವ ಇ. ಕೋಲಿಗೆ ಪಿತ್ತ ಹೊಸತೇನಲ್ಲ. ಆದರೆ ಹೊರಪೊರೆ ಹಾನಿಗೊಂಡಿದ್ದರೆ ಅದೇ ಲವಣ ಅದಕ್ಕೆ ವಿಷ. ಜ್ವರ ಬಿಟ್ಟು ಎದ್ದವನಿಗೆ ಗಂಜಿ ಕೊಡದೆ ಬಿರಿಯಾನಿ ಬಡಿಸಿದ ಹಾಗೆ!

ಆದ್ದರಿಂದ ಮೊದಲು ಚೇತರಿಕೆಗೆ ಸಮಯ ಕೊಡಬೇಕು. ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಒಂದು ವಿಧಾನದಲ್ಲಿ 100 ಮಿಲಿಲೀಟರ್ ನೀರನ್ನು ಸೂಕ್ಷ್ಮ ರಂಧ್ರಗಳ ಪೊರೆಯಲ್ಲಿ ಸೋಸಿ, ಆ ಪೊರೆಯನ್ನು ಮೊದಲು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 4 ಗಂಟೆ ಇಡುತ್ತಾರೆ. ಆಮೇಲೆಯೇ 44 ಡಿಗ್ರಿಯಲ್ಲಿ 14 ಗಂಟೆ. ಆ ನಾಲ್ಕು ಗಂಟೆಯಲ್ಲಿ ಗಾಯಗೊಂಡವು ತಮ್ಮನ್ನು ದುರಸ್ತಿ ಮಾಡಿಕೊಳ್ಳುತ್ತವೆ. ಅಮೆರಿಕದಲ್ಲಿ ಇಂಥ ಗಾಯಾಳುಗಳಿಗೆಂದೇ 1983ರಲ್ಲಿ ಎಂ-ಟಿ7 ಎಂಬ ಮಾಧ್ಯಮ ರೂಪುಗೊಂಡಿತು. ಕಾಲರಾದ ಜೀವಾಣು ಇನ್ನೂ ಜಾಣ. ಜೀವಂತವಿದ್ದೂ ಯಾವ ಮಾಮೂಲಿ ಮಾಧ್ಯಮದಲ್ಲೂ ಬೆಳೆಯದ ಸ್ಥಿತಿಗೆ ಹೋಗಬಲ್ಲದು.

ಇಷ್ಟೆಲ್ಲ ಪ್ರಯೋಗಾಲಯದವರ ಕೆಲಸ. ಬಾಟಲಿ ಮಾತ್ರ ನಮ್ಮ ಕೈಯಲ್ಲಿದೆ. ಮಿನರಲ್ ವಾಟರ್ ಬಾಟಲಿ ಬೇಡ. ಪ್ರಯೋಗಾಲಯದಿಂದಲೇ ಕ್ರಿಮಿಶುದ್ಧ ಬಾಟಲಿ ತನ್ನಿ. ನೀರಿಗೆ ಕ್ಲೋರಿನ್ ಹಾಕಿದ್ದೀರೆಂದು ಮೊದಲೇ ತಿಳಿಸಿ, ಆಗ ಅದರಲ್ಲಿ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಅದು ಕ್ಲೋರಿನ್ನಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸುತ್ತದೆ. ಇಲ್ಲವಾದರೆ ದಾರಿಯುದ್ದಕ್ಕೂ ಬಾಟಲಿಯೊಳಗೇ ಕೊಲ್ಲುವ ಕೆಲಸ ನಡೆದು, ವರದಿ ನಿಮ್ಮ ನಲ್ಲಿಯ ನೀರಿನದ್ದಾಗುವುದಿಲ್ಲ. ಬಾಟಲಿಯನ್ನು ತೊಳೆಯಬೇಡಿ, ಮುಚ್ಚಳದ ಒಳಭಾಗ ಮುಟ್ಟಬೇಡಿ. ಐಸ್ ಡಬ್ಬಿಯಲ್ಲಿಟ್ಟು, ಆದರೆ ಹೆಪ್ಪುಗಟ್ಟದಂತೆ, ಸಾಧ್ಯವಾದರೆ 6 ಗಂಟೆಯೊಳಗೆ ತಲುಪಿಸಿ. 24 ಗಂಟೆ ಮೀರಬಾರದು.

ಬ್ಲೀಚಿಂಗ್ ಪೌಡರ್ ಹಾಕಿದ ಬಾವಿಯಾದರೆ ಅದರ ವಾಸನೆ ಪೂರ್ತಿ ಹೋದ ಮೇಲೆ ಒಮ್ಮೆ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿ. ಅಲ್ಲಿಯವರೆಗೆ ಕುಡಿಯುವ ನೀರು ಕೊತಕೊತ ಕುದಿಯಲಿ, ಒಂದು ನಿಮಿಷ ಸಾಕು. ಗಾಯಗೊಂಡವೂ ಅದರಲ್ಲಿ ಉಳಿಯುವುದಿಲ್ಲ.